ವಾಗ್ದಾನವೂ ಹೊಣೆಗಾರಿಕೆಯೂ

ಗುರಿಯನ್ನು ಘೋಷಿಸುವುದು ಕಡ್ಡಾಯ, ಈಡೇರಿಸುವುದು ಕಡ್ಡಾಯವಲ್ಲ. 2015ರ ಪ್ಯಾರಿಸ್ ಹವಾಮಾನ ಒಪ್ಪಂದವನ್ನು ಬಲಿಷ್ಠ ರಾಷ್ಟ್ರಗಳು ಅರ್ಥೈಸುತ್ತಾ ಬಂದಿರುವುದು ಹೀಗೆ. ಅಂದು ಕೊನೆಯ ಗಳಿಗೆಯಲ್ಲಿ ಅಮೆರಿಕದ ಆಕ್ಷೇಪಕ್ಕೆ ಮಣಿದು, ಶ್ರೀಮಂತ ರಾಷ್ಟ್ರಗಳ ಇಂಗಾಲ ಕಡಿತದ ವಾಕ್ಯದಲ್ಲಿದ್ದ 'ಮಾಡತಕ್ಕದ್ದು' ಎಂಬ ಕಟ್ಟಳೆಯನ್ನು 'ಮಾಡುವುದು ಉಚಿತ' ಎಂಬಷ್ಟಕ್ಕೆ ಇಳಿಸಲಾಯಿತು. ಅದೂ ಬೆರಳಚ್ಚಿನ ದೋಷವನ್ನು ತಿದ್ದುವ ಹೆಸರಿನಲ್ಲಿ!

ಈ ನುಣುಚಾಟವನ್ನು ಪ್ರಶ್ನಿಸಲು ಮುಂದಾದದ್ದು ಏರುತ್ತಿರುವ ಕಡಲಿಗೆ ಅಂಜಿ ಬದುಕುವ ಪುಟ್ಟ ದ್ವೀಪರಾಷ್ಟ್ರ ವನುವಾಟು. ಗುರಿ ನಿಗದಿಯು ರಾಷ್ಟ್ರಗಳ ಮರ್ಜಿಗೆ ಬಿಟ್ಟದ್ದಲ್ಲ, ಅದನ್ನು ಸಾಧಿಸಲು ಸಾಮರ್ಥ್ಯಾನುಸಾರ ಶ್ರಮಿಸಲೇಬೇಕು, ಕರ್ತವ್ಯಲೋಪಕ್ಕೆ ಪರಿಹಾರವನ್ನೂ ತೆರಬೇಕಾದೀತು ಎಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರಂದು ಒಮ್ಮತದಿಂದ ಸಾರಿತು. ಇದು ಸಲಹೆಯೇ ಹೊರತು ತೀರ್ಪಲ್ಲ, ನಿಜ. ಆದರೆ ಸಂತ್ರಸ್ತರ ವಕೀಲರಿಗೆ ಇದಕ್ಕಿಂತ ಬಲವಾದ ಆಧಾರ ಹಿಂದೆ ಇರಲಿಲ್ಲ. 2030ರ ಗುರಿಯನ್ನು ವಿಶ್ವಸಂಸ್ಥೆಗೆ ಸಲ್ಲಿಸಿರುವ ಭಾರತ ಸರಕಾರವೂ ಈ ಮಾನದಂಡಕ್ಕೆ ಹೊರತಲ್ಲವೆಂದು ನಾವು ನೆನಪಿಸಬಯಸುತ್ತೇವೆ.