ಗೇಮ್ ಕ್ಲಾಸಿಗೆ ಫೀ ಕಟ್ಟೂಕಿಂತ ಮೊದಲ ಕವಡಿ ತಗೀರಿ

ಅಕ್ಕಾರ, ವೈನ್ಯಾರ, ಮಗಳು ಗೇಮ್ ಮಾಡೂದು ಕಲೀತೇನಿ ಅಂದಕೂಡ್ಲೆ ಕ್ಲಾಸಿಗೆ ರೊಕ್ಕ ಎಣಸಬ್ಯಾಡ್ರಿ. ಎಷ್ಟೋ ಕ್ಲಾಸಿನ್ಯಾಗ ಸರ್ ಬರದದ್ದನ್ನ ಹುಡುಗರು ಹಂಗ ಟೈಪ್ ಮಾಡ್ತಾರ. ಗೇಮ್ ಓಡ್ತದ, ಯಾಕ ಓಡ್ತು ಅಂತ ಕೇಳಿದ್ರ ಬಾಯಿ ಇಲ್ಲ. ಇದಕ್ಕ ಕಲಿಸೂದು ಅಂತಾರೇನ್ರಿ?

ಹೊಸದಾಗಿ ಕಲಿಯೋರಿಗೆ ಮುಗಿಯೂವಂಥಾ ಸಣ್ಣ ಆಟ ಬೇಕು. ನಮ್ಮ ಚೌಕಾಬಾರಾನ ನೋಡ್ರಿ. ನಾಕು ಕವಡಿಯೊಳಗ ಎಷ್ಟು ಬಾಯಿ ಮ್ಯಾಲಾಗಿ ಬಿದ್ದಾವೋ ಅಷ್ಟು ಮನಿ ನಡಸೂದು. ಎಲ್ಲಾ ಬೋರಲ ಬಿದ್ರ 8. 4 ಇಲ್ಲಾ 8 ಬಿದ್ರ ಮತ್ತೊಮ್ಮೆ ಒಗಿಯೂದು. "ಹಿಂಗಾದ್ರ ಹಂಗ ಮಾಡು" ಅನ್ನೂದ ಪ್ರೋಗ್ರಾಮಿಂಗಿನ ಬುನಾದಿ. ಅಮೆರಿಕಾದ ಎಂಐಟಿಯವರು 2007ರಾಗ ಹೊರಗ ತಂದ ಸ್ಕ್ರ್ಯಾಚ್ ಒಳಗ ಬಣ್ಣದ ತುಂಡು ಜೋಡಿಸಿ ಇದನ್ನ ಪುಕ್ಕಟ ಮಾಡಬಹುದು.

"ನಮಗ ಕಂಪ್ಯೂಟರ್ ಬರಂಗಿಲ್ಲ" ಅಂತೀರಿ. ಆಟದ ನೇಮ ಬರತಾವಲ್ರಿ! ಕಂಪ್ಯೂಟರಿನ ಕವಡಿ ತಪ್ಪು ಎಣಸಿದ್ರ ಮಗಳಿಗೆ ಇಷ್ಟ ಕೇಳ್ರಿ: "ಏನ್ ಆಗಬೇಕಿತ್ತು? ಏನ್ ಆತು?" ಬಿಡಿಸಿ ಹೇಳಕೋತ ಹ್ವಾದ್ರ ತಪ್ಪು ಆಕಿಗೇ ಸಿಗತದ. ಅಲ್ಲಿಗೂ ಬಗಿಹರೀಲಿಲ್ಲಂದ್ರ ತಿಳಿದವರ ಹತ್ರ ಹೋಗಲಿ. ಆವಾಗ ಏನ್ ಕೇಳಬೇಕು ಅನ್ನೂದರೆ ಗೊತ್ತಿರತದ. ಒಂದು ಆಟ ಪೂರ್ತಿ ಮುಗಸಲಿ, ಫೀ ಮಾತು ಆಮ್ಯಾಲ.