ಇಂಗ್ಲಿಷ್ ಸೀರಿಯಲ್ ನೋಡಿದರೆ ಕನ್ನಡದ್ರೋಹವೇ?



ರಾಜ್ಯೋತ್ಸವದ ಕರಪತ್ರ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದ ಸಂಘದ ಹುಡುಗನೊಬ್ಬ ನನ್ನ ಮೇಜಿನ ಮೇಲಿದ್ದ ಡಿವಿಡಿ ಡಬ್ಬಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. "ಏನಣ್ಣ, ಊರಿಗೆಲ್ಲ ಕನ್ನಡ ಕನ್ನಡ ಅಂತ ಹ್ಯಾಂಡ್‌ಬಿಲ್ ಹೊಡೆಯೋರು ನೀವು, ಮನೇಲಿ ನೋಡೋದು ಬಿಳಿಯರ ಸೀರಿಯಲ್ಲಾ?" ಎಂದ. ಆಗ ಅವನಿಗೆ ಕಾಫಿ ಕುಡಿಸಿ ಕಳಿಸಿದೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ, ನಿಮ್ಮಲ್ಲೂ ಹಲವರದು.

ಹೌದು, ನೋಡುತ್ತೇನೆ. ಕದ್ದು ನೋಡುವುದಿಲ್ಲ, ಬಾಗಿಲು ತೆರೆದಿಟ್ಟೇ ನೋಡುತ್ತೇನೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಬಂದಾಗಲೆಲ್ಲ ನಾಲ್ಕೈದು ಡಬ್ಬಿ ತಂದುಕೊಡುತ್ತಾನೆ. ಮೊದಲ ಸಲ ಒಂದೂ ಓಡಲಿಲ್ಲ. ಬ್ರಿಟನ್ನಿನ ಡಿವಿಡಿ 2ನೇ ವಲಯದ್ದು, ನಮ್ಮ ದೇಶದ ಪ್ಲೇಯರ್ 5ನೇ ವಲಯದ್ದು. ಡಿಸ್ಕಿಗೂ ಗಡಿ ಹಾಕಿದ್ದಾರೆ ಪುಣ್ಯಾತ್ಮರು! ಕೊನೆಗೆ ರಿಪೇರಿ ಅಂಗಡಿಯವನೊಬ್ಬ ರಿಮೋಟಿನಲ್ಲಿ ಏನೋ ನಂಬರು ಒತ್ತಿ ಗಡಿ ಅಳಿಸಿಕೊಟ್ಟ.

ನನ್ನ ಓದು ಪಿಯುಸಿಗೆ ನಿಂತಿತು. ಇಂಗ್ಲಿಷ್ ಅಚ್ಚಿನಲ್ಲಿದ್ದರೆ ತಿಣುಕಿಯಾದರೂ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಅವರ ಬಾಯಿಂದ ಬಂದರೆ ಒಂದಕ್ಷರ ಹಿಡಿಯಲಾರೆ. ಹಾಗಿದ್ದೂ ನೋಡುವುದು ಹೇಗೆ? ಸಬ್‌ಟೈಟಲ್, ಅಂದರೆ ಅಡಿಬರಹ. ಕಿವಿ ಕೇಳದವರಿಗೆಂದು ಬಿಬಿಸಿಯವರು 1979ರಲ್ಲಿ ಟಿವಿ ಪರದೆಯ ಕೆಳಗೆ ಮಾತು ಮೂಡಿಸಲು ಶುರು ಮಾಡಿದರು. ಅದೇ ಪದ್ಧತಿ ಡಿಸ್ಕಿಗೂ ಬಂತು. ಕಿವುಡರಿಗೆ ಮಾಡಿದ್ದು ನನ್ನಂಥವನಿಗೂ ಒದಗಿತು. ಅರ್ಥವಾಗದಿದ್ದರೆ ನಿಲ್ಲಿಸುತ್ತೇನೆ, ಹಿಂದಕ್ಕೆ ಓಡಿಸುತ್ತೇನೆ, ನಿಘಂಟು ತೆರೆಯುತ್ತೇನೆ. ಟಾಕೀಸಿನಲ್ಲಿ ಈ ಉಪಕಾರ ಯಾರು ಮಾಡುತ್ತಾರೆ?

ಇಂಗ್ಲಿಷ್ ಬರದ ನಾಚಿಕೆ ಬೇಡ ಬಂಧುಗಳೇ. 2014ರಲ್ಲಿ ಬಿಬಿಸಿ 'ಜಮೈಕಾ ಇನ್' ಎಂಬ ಮೂರು ಕಂತಿನ ನಾಟಕ ಹಾಕಿದಾಗ ಪಾತ್ರಗಳು ಗೊಣಗುವುದು ಕೇಳಿಸುವುದೇ ಇಲ್ಲ ಎಂದು ಅಲ್ಲಿನ ಜನರೇ ಎರಡು ಸಾವಿರಕ್ಕೂ ಹೆಚ್ಚು ದೂರು ಕೊಟ್ಟರು. ಅವರ ನಾಡಲ್ಲಿ, ಅವರ ಮಾತು, ಅವರಿಗೇ ತಿಳಿಯಲಿಲ್ಲ!

ಇನ್ನು ಅದರಲ್ಲೇನಿದೆ ಅಂಥ ಸೊಗಸು ಎನ್ನುತ್ತೀರಿ. ಮೊದಲನೆಯದು, ಕಥೆ ಮುಗಿಯುತ್ತದೆ. ರಾಜಕಾರಣಿಯೊಬ್ಬ ಪ್ರಧಾನಿ ಕುರ್ಚಿಗೆ ಏರುವ 'ಹೌಸ್ ಆಫ್ ಕಾರ್ಡ್ಸ್' (1990) ನಾಲ್ಕೇ ಕಂತು. 'ಪ್ರೈಡ್ ಅಂಡ್ ಪ್ರೆಜುಡಿಸ್' (1995) ಆರು ಕಂತು. ನಮ್ಮ ದಿನಗಂತಿಯ ಸೊಸೆ ಮೆಟ್ಟಿಲು ಇಳಿಯಲು ಅಷ್ಟು ಕಂತು ಬೇಕು. ಎರಡನೆಯದು, ಮಾತಿಗಿರುವ ಬೆಲೆ. ಇದಕ್ಕೆ 'ಐ, ಕ್ಲಾಡಿಯಸ್' ಒಂದನ್ನು ನೋಡಿದರೆ ಸಾಕು.

ರಾಬರ್ಟ್ ಗ್ರೇವ್ಸ್ ಬರೆದ ಎರಡು ಕಾದಂಬರಿಗಳನ್ನು ಹಿಡಿದು 1976ರಲ್ಲಿ ಬಿಬಿಸಿ ತೆಗೆದ ನಾಟಕ ಅದು. ರೋಮ್ ಸಾಮ್ರಾಜ್ಯದ ಕಥೆ, ಆದರೆ ಸೈನ್ಯವಿಲ್ಲ, ಯುದ್ಧವಿಲ್ಲ. ಎಲ್ಲವೂ ಸ್ಟುಡಿಯೋ ಒಳಗೆ, ನಮ್ಮ ಕಂಪನಿ ನಾಟಕದ ಸೀನಿನಂತೆ ನಾಲ್ಕು ಕಂಬ, ಎರಡು ಮಂಚ. ಕಣದಲ್ಲಿ ಮಲ್ಲರು ಕಾದಾಡಿ ಸಾಯುತ್ತಾರೆ, ಕ್ಯಾಮೆರಾ ತೋರಿಸುವುದು ನೋಡುತ್ತ ಕೂತ ಅರಮನೆಯವರ ಮುಖ ಮಾತ್ರ. ತೊದಲುತ್ತ ಕುಂಟುತ್ತ ಬದುಕುವ ಕ್ಲಾಡಿಯಸ್‌ನನ್ನು ಮನೆಯವರೆಲ್ಲ ಪೆದ್ದ ಎಂದು ಬಿಟ್ಟಿರುತ್ತಾರೆ. ಅದರಿಂದಲೇ ಅವನ ತಲೆ ಉಳಿಯುತ್ತದೆ, ಜಾಣರದ್ದೆಲ್ಲ ಉರುಳುತ್ತದೆ. ಡೆರೆಕ್ ಜಾಕೊಬಿ ಎಂಬ ನಟನದು ಆ ಪಾತ್ರ.

ಅದರಲ್ಲಿ ಚಕ್ರವರ್ತಿ ಅಗಸ್ಟಸ್ ಸಾಯುವ ದೃಶ್ಯವೊಂದಿದೆ. ಹೆಂಡತಿ ಲಿವಿಯಾ ಪಕ್ಕದಲ್ಲಿದ್ದು ಮಾತಾಡುತ್ತಲೇ ಇರುತ್ತಾಳೆ, ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. ಕಣ್ಣು ತೆರೆದಂತೆಯೇ ಜೀವ ಹೋಗುತ್ತದೆ. ನನ್ನ ಜೊತೆ ಅವ್ವ ಕೂತು ನೋಡುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕನ್ನಡ ಪೇಪರು ತಪ್ಪದೆ ಓದುತ್ತಾಳೆ, ಇಂಗ್ಲಿಷ್ ಎ ಬಿ ಸಿ ಬಾರದು. "ಅಯ್ಯೋ, ಉಸಿರು ಹೋಯ್ತು ನೋಡು" ಎಂದು ನನಗಿಂತ ಮೊದಲೇ ಹೇಳಿದಳು. ಆಮೇಲೆ, "ಅವಳು ಅಷ್ಟು ಹೊತ್ತು ಏನಂದ್ಲು?" ಎಂದು ಕೇಳಿದಳು. "ಅಂಜೂರಕ್ಕೆ ವಿಷ ಹಾಕಿ ಕೊಂದದ್ದು ಅವಳೇ ಕಣವ್ವ" ಎಂದೆ. ಅವ್ವ ನನ್ನನ್ನೇ ನೋಡಿದಳು. "ಅವಳು ಹತ್ತು ಮಾತಾಡಿದಳು, ನೀನು ಒಂದು ಹೇಳಿದೆ. ಮಿಕ್ಕ ಒಂಬತ್ತು ಎಲ್ಲಿ ಹೋದವೋ?"

ಆ ಮಿಕ್ಕ ಒಂಬತ್ತು ಮಾತಿಗಾಗಿಯೇ ನಾನು ಈ ಲೇಖನ ಬರೆಯುತ್ತಿರುವುದು.

ಆ ಹುಡುಗ ಎತ್ತಿ ನೋಡಿದ ಡಬ್ಬಿ ಯಾವುದು ಗೊತ್ತೇ? 'ಹಿಂಟರ್‌ಲ್ಯಾಂಡ್' ಎಂಬ ಪತ್ತೇದಾರಿ ನಾಟಕ. ಬ್ರಿಟನ್ ಎಂದರೆ ಇಂಗ್ಲಿಷ್ ಒಂದೇ ಎಂದು ತಿಳಿದಿದ್ದೇವಲ್ಲ, ತಪ್ಪು. ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ, ಅವರಿಗೆ ವೆಲ್ಷ್ ಎಂಬ ಸ್ವಂತ ಭಾಷೆಯಿದೆ. 2021ರ ಗಣತಿಯಂತೆ ವೇಲ್ಸಿನಲ್ಲಿ ಅದನ್ನು ಬಲ್ಲವರು 5 ಲಕ್ಷ 38 ಸಾವಿರ. ನಮ್ಮ ಅತಿ ಚಿಕ್ಕ ಜಿಲ್ಲೆ ಕೊಡಗಿನಲ್ಲಿ 2011ರಲ್ಲೇ 5 ಲಕ್ಷ 54 ಸಾವಿರ ಜನರಿದ್ದರು!

ಇಷ್ಟೇ ಜನ ತಮಗೊಂದು ಟಿವಿ ಚಾನೆಲ್ ಬೇಕೆಂದು ಹಠ ಹಿಡಿದರು. 1979ರ ಚುನಾವಣೆಗೆ ಮುಂಚೆ ಕೊಡುತ್ತೇವೆ ಎಂದ ಪಕ್ಷ ಗೆದ್ದ ಮೇಲೆ ಮಾತು ತಪ್ಪಿತು. (ಎಲ್ಲಿಯಾದರೂ ಒಂದೇ ನೋಡಿ ಈ ಕಥೆ.) ಟಿವಿ ಲೈಸೆನ್ಸ್ ಶುಲ್ಕ ಕಟ್ಟುವುದಿಲ್ಲ, ಜೈಲಿಗೆ ಬೇಕಾದರೆ ಹಾಕಿ ಎಂದು ಜನ ನಿಂತರು. ಗ್ವಿನ್‌ಫೋರ್ ಎವಾನ್ಸ್ ಎಂಬ ಹಿರಿಯ ನಾಯಕ, ಅಕ್ಟೋಬರ್‌ನಿಂದ ಅನ್ನ ಬಿಡುತ್ತೇನೆ, ಚಾನೆಲ್ ಬರಬೇಕು ಇಲ್ಲವೇ ನನ್ನ ಹೆಣ ಏಳಬೇಕು ಎಂದು 1980ರಲ್ಲಿ ಘೋಷಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಥ್ಯಾಚರ್ ಸರ್ಕಾರ ಮಣಿಯಿತು. ಎಸ್4ಸಿ ಎಂಬ ಆ ಚಾನೆಲ್ ಶುರುವಾದದ್ದು 1982ರ ನವೆಂಬರ್ 1ರಂದು. ತಾರೀಕು ಓದಿ ನಾನು ಒಂದು ಗಳಿಗೆ ಸುಮ್ಮನೆ ಕೂತೆ.

'ಹಿಂಟರ್‌ಲ್ಯಾಂಡ್' ಆ ಚಾನೆಲ್ಲಿನ ಕೂಸು. ಅಬರಿಸ್ಟ್‌ವಿತ್ ಎಂಬ ಕಡಲೂರು, ಹಿಂದೆ ಬೋಳು ಬೆಟ್ಟ, ಒಂಟಿ ಮನೆಗಳು, ಬಾಯಿ ಬಿಡದ ಜನ. ಒಂದೊಂದು ದೃಶ್ಯವನ್ನೂ ಎರಡು ಸಲ ತೆಗೆದರು, ಒಮ್ಮೆ ವೆಲ್ಷ್‌ನಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ. ಅದೇ ನಟರು, ಅದೇ ಬೆಟ್ಟ. 2013ರಲ್ಲಿ ಮೊದಲು ಬಂದದ್ದು ವೆಲ್ಷ್‌ನದು, ಬಿಬಿಸಿಗೆ ಇಂಗ್ಲಿಷ್‌ನದು ಹೋದದ್ದು ಮರುವರ್ಷ. ನನ್ನ ಡಿಸ್ಕಿನಲ್ಲಿರುವುದು ಇಂಗ್ಲಿಷ್‌ನದೇ. ಆದರೂ ನಡುನಡುವೆ ಪಾತ್ರಗಳು ತಮ್ಮ ಭಾಷೆಗೆ ಹೊರಳುತ್ತವೆ. ಆಗ ಇಂಗ್ಲಿಷಿನವನೂ ನನ್ನ ಹಾಗೆಯೇ ಅಡಿಬರಹ ಓದಿಕೊಂಡು ಕೂರಬೇಕು! ಆ ಸುಖ ನಿಮಗೆ ಹೇಗೆ ಹೇಳಲಿ?

ಅದನ್ನು ನೋಡುತ್ತ ನನಗೆ ಆಗುಂಬೆ ನೆನಪಾಯಿತು. 1980ರ ದಶಕದಲ್ಲಿ ನಮ್ಮ ಶಂಕರ್‌ನಾಗ್ ಅಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ನಮ್ಮ ಮಳೆ, ನಮ್ಮ ಜಗಲಿ, ಅನಂತನಾಗ್, ಗಿರೀಶ್ ಕಾರ್ನಾಡ್, ವಿಷ್ಣುವರ್ಧನ್, ಮಾಸ್ಟರ್ ಮಂಜುನಾಥ್. ಅದನ್ನೂ ಎರಡು ಭಾಷೆಯಲ್ಲಿ ತೆಗೆದರು. ಯಾವ ಎರಡು? ಹಿಂದಿ ಮತ್ತು ಇಂಗ್ಲಿಷ್. ಶಂಕರ್‌ನಾಗ್ ಅವರನ್ನು ದೂರುತ್ತಿಲ್ಲ, ಪ್ರಸಾರ ಮಾಡುವ ದೂರದರ್ಶನ ದಿಲ್ಲಿಯದು. ಆದರೆ ಆಗುಂಬೆಯಲ್ಲಿ ಕ್ಯಾಮೆರಾ ಇಟ್ಟು ಕನ್ನಡದಲ್ಲೂ ಒಂದು ಸಲ ತೆಗೆಯಿರಿ ಎಂದು ಆವತ್ತು ಯಾವ ಕನ್ನಡಿಗ ಅನ್ನ ಬಿಟ್ಟ?

ಈಗ ನಮ್ಮದೇ ತಪ್ಪಿಗೆ ಬರುತ್ತೇನೆ. ಡಬ್ಬಿಂಗ್ ಬೇಡ ಎಂದು ನಾವು ದಶಕಗಟ್ಟಲೆ ಕೂಗಿದೆವು. ಆ ಹ್ಯಾಂಡ್‌ಬಿಲ್‌ಗಳಲ್ಲಿ ಎಷ್ಟೋ ನನ್ನ ಮೆಷಿನ್ನಿನಲ್ಲೇ ಅಚ್ಚಾದವು, ಕೆಲವಕ್ಕೆ ದುಡ್ಡೂ ತಗೊಂಡಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದು ದಂಡ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿ ಮಹಾಭಾರತ ಮನೆಮನೆಯಲ್ಲಿ ಕನ್ನಡ ಮಾತಾಡಿತು. ಆ ಜಗಳ ಬಿಡಿ. ಡಬ್ಬಿಂಗ್ ಬೇಡ ಎಂದ ನಾವು, ಕನ್ನಡ ಅಡಿಬರಹವಾದರೂ ಕೊಡಿ ಎಂದು ಒಂದು ಅರ್ಜಿ ಬರೆದೆವೇ? ಅಡಿಬರಹದಿಂದ ಯಾವ ಕನ್ನಡ ನಟನ ಹೊಟ್ಟೆಗೂ ಏಟಿಲ್ಲ. ಮೂಲದ ದನಿ ಹಾಗೇ ಉಳಿಯುತ್ತದೆ, ಕನ್ನಡ ಓದಿಸಿಕೊಳ್ಳುತ್ತದೆ, ಬರೆಯುವ ನಾಲ್ಕು ಹುಡುಗರಿಗೆ ಕೆಲಸವೂ ಆಗುತ್ತದೆ. ಅವ್ವನಂಥವರನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಸುಲಭದ ಕೆಲಸ ಅಲ್ಲ, ಅಚ್ಚಿನವನಾಗಿ ಹೇಳುತ್ತೇನೆ. ಒಮ್ಮೆಗೆ ಎರಡು ಸಾಲಿಗಿಂತ ಹೆಚ್ಚು ಕೂರಿಸುವ ಹಾಗಿಲ್ಲ, ಕಣ್ಣು ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು. ಇಂಗ್ಲಿಷ್‌ಗೆ ಸಾಲಿನಡಿ ಜಾಗ ಕಡಿಮೆ ಸಾಕು, ನಮಗೆ ಒತ್ತಕ್ಷರ ಇಳಿಬಿಡಲು ಜಾಗ ಬೇಕು. ಸಾಲು ಒತ್ತಾಗಿಟ್ಟರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಬಿಡಿಯಾಗಿಟ್ಟರೆ ಅರ್ಧ ಚಿತ್ರ ಮುಚ್ಚಿತು. ಲಗ್ನಪತ್ರಿಕೆಯಲ್ಲಿ ಇಪ್ಪತ್ತು ನೆಂಟರ ಹೆಸರು ಒಂದೇ ಮಗ್ಗುಲಿಗೆ ಕೂರಿಸಿದವರಿಗೆ ಇದೇನು ಹೊಸದೇ? ಮಾತು ಮುರಿಯುವುದು ಕಲಿಯಬೇಕು, ಅಷ್ಟೇ.

ಯಾರಾದರೂ ಶುರು ಮಾಡಿ. ಕನ್ನಡ ಸಾಲುಗಳ ಪ್ರೂಫ್ ನಾನು ನೋಡಿಕೊಡುತ್ತೇನೆ, ಕಾಸು ಬೇಡ. ಕ್ಲಾಡಿಯಸ್‌ನ ಕಡೇ ಡಿಸ್ಕನ್ನು ನಾನಿನ್ನೂ ಹಾಕಿಲ್ಲ. ಅವ್ವ ದಿನಾ ಕೇಳುತ್ತಾಳೆ, ನಾನು ಕರೆಂಟಿನ ನೆಪ ಹೇಳುತ್ತಿದ್ದೇನೆ.