ಹೇಸರಗತ್ತೆ ಎಂದರೆ ಕತ್ತೆಯ ಒಂದು ಜಾತಿಯೇ?

ಅಲ್ಲ. ಹೆಸರಿನ ಕೊನೆಯಲ್ಲಿ ಕತ್ತೆ ಇರುವುದೇ ಈ ಗೊಂದಲಕ್ಕೆ ಕಾರಣ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಮರಿಯೇ ಹೇಸರಗತ್ತೆ. ಕುದುರೆಗೆ 64 ಕ್ರೋಮೋಸೋಮುಗಳು, ಕತ್ತೆಗೆ 62, ಇದಕ್ಕೆ 63. ಜೋಡಿ ಸರಿಹೊಂದದ ಕಾರಣ ಇದು ಮರಿ ಹಾಕುವುದು ತೀರಾ ಅಪರೂಪ.

'ಹೇಸರ' ಎಂದೊಡನೆ ಹೇಸಿಗೆ ನೆನಪಾದೀತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಂಸ್ಕೃತದ 'ವೇಸರ'ವೇ ಕನ್ನಡದಲ್ಲಿ ಹೇಸರವಾಗಿದೆ. ಆ ಪದದ ಅರ್ಥವೂ ಇದೇ ಪ್ರಾಣಿ. ಲಕ್ಕುಂಡಿ, ಇಟಗಿಯ ಗುಡಿಗಳ ವಾಸ್ತುಶೈಲಿಯನ್ನೂ ವೇಸರ ಎನ್ನುತ್ತಾರೆ. ಅದರಲ್ಲಿ ನಾಗರ, ದ್ರಾವಿಡ ಎರಡೂ ಬೆರೆತಿರುವುದರಿಂದ ಈ ಮಿಶ್ರತಳಿಯ ಹೆಸರೇ ಬಂತು ಎಂಬುದು ಕೆಲವು ವಿದ್ವಾಂಸರ ವಿವರಣೆ. (ಬೇರೆ ವಿವರಣೆಗಳೂ ಇವೆ.) ಹಾಗಾಗಿ ಇದನ್ನು ಬೈಗುಳದ ಪದ ಎಂದುಕೊಳ್ಳಬೇಕಿಲ್ಲ.

ಆದರೆ ಹೊರೆಯ ಲೆಕ್ಕಕ್ಕೆ ಬಂದಾಗ ಎರಡನ್ನೂ ಒಂದೇ ಎಂದು ತಿಳಿದರೆ ನರಳುವುದು ಕತ್ತೆ. ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮದಂತೆ ಹೇಸರಗತ್ತೆಯ ಬೆನ್ನಿಗೆ ಹೆಚ್ಚೆಂದರೆ 200 ಕಿಲೋ, ಕತ್ತೆಗೆ ಕೇವಲ 50 ಕಿಲೋ. ನಾಲ್ಕು ಪಟ್ಟು ವ್ಯತ್ಯಾಸ!

ಗುರುತಿಸುವುದು ಹೇಗೆ? ಕಿವಿ ನೋಡಿದರೆ ಮೋಸ ಹೋಗುತ್ತೀರಿ, ಎರಡಕ್ಕೂ ಉದ್ದ. ಬಾಲ ನೋಡಿ. ಕತ್ತೆಯದು ಹಸುವಿನ ಬಾಲದಂತೆ, ತುದಿಯಲ್ಲಷ್ಟೇ ಉದ್ದ ಕೂದಲಿನ ಕುಚ್ಚು. ಹೇಸರಗತ್ತೆಯ ಬಾಲ ಹೆಚ್ಚಾಗಿ ಕುದುರೆಯನ್ನೇ ಹೋಲುತ್ತದೆ. ಕೇದಾರನಾಥದ ದಾರಿಯ ವಿಡಿಯೋ ಮತ್ತೆ ಬಂದಾಗ ಒಮ್ಮೆ ಗಮನಿಸಿ.